ಆರೈಕೆಯ ತೂಕ

ಕೇಳುಗರೆಲ್ಲರಿಗೂ ನಮಸ್ಕಾರ.

ಸರ್ಕಾರವೋ ವಿಮೆಯೋ ಒಂದು ಆಸ್ಪತ್ರೆಗೆ ವರ್ಷಕ್ಕೆ ಎಷ್ಟು ದುಡ್ಡು ಕೊಡಬೇಕು? ಹಳೆಯ ಲೆಕ್ಕ ಸುಲಭವಾಗಿತ್ತು. ಹೋದ ವರ್ಷದ ಮೊತ್ತಕ್ಕೆ ಸ್ವಲ್ಪ ಸೇರಿಸಿ ಕೊಟ್ಟರೆ ಮುಗಿಯಿತು. ಆದರೆ ಜಾಸ್ತಿ ರೋಗಿಗಳನ್ನು ನೋಡಿದ ಆಸ್ಪತ್ರೆಗೆ ಇದರಿಂದ ನಷ್ಟವೇ, ಅಲ್ವಾ? ಇನ್ನು ಕೆಲವು ಕಡೆ ಆದ ಖರ್ಚನ್ನೆಲ್ಲ ತುಂಬಿಕೊಡುತ್ತಿದ್ದರು. ಅಲ್ಲಿ ರೋಗಿಯನ್ನು ಸುಮ್ನೆ ಎರಡು ದಿನ ಹೆಚ್ಚಿಗೆ ಮಲಗಿಸಿದರೂ ಬಿಲ್ಲು ಪಾಸಾಗುತ್ತಿತ್ತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟ್ಟರ್ ಮತ್ತು ಜಾನ್ ಥಾಂಪ್ಸನ್ ಬೇರೆ ದಾರಿ ಹುಡುಕಿದರು. ಕಾಯಿಲೆಯೂ ಖರ್ಚೂ ಹೆಚ್ಚುಕಡಿಮೆ ಒಂದೇ ಬಗೆಯಾಗಿರುವ ರೋಗಿಗಳನ್ನು ಒಂದೊಂದು ಗುಂಪಿಗೆ ಸೇರಿಸಿದರು. ಇವಕ್ಕೆ ಡಿಆರ್‌ಜಿ, ಅಂದರೆ ಡಯಾಗ್ನೋಸಿಸ್ ರಿಲೇಟೆಡ್ ಗ್ರೂಪ್, ಎನ್ನುತ್ತಾರೆ. ಪ್ರತಿ ಗುಂಪಿಗೂ ಒಂದು ತೂಕ. ಸರಾಸರಿ ಖರ್ಚಿನ ರೋಗಿಯ ತೂಕ 1 ಎಂದುಕೊಳ್ಳಿ. ಸಣ್ಣ ಆಪರೇಷನ್‌ಗೆ ಅದಕ್ಕಿಂತ ಕಡಿಮೆ, ಅಂಗಾಂಗ ಕಸಿಗೆ ಎಷ್ಟೋ ಪಾಲು ಹೆಚ್ಚು. ಈ ತೂಕವನ್ನು ಮೂಲ ದರದಿಂದ, ಅಂದರೆ ತೂಕ 1ಕ್ಕೆ ಗೊತ್ತುಮಾಡಿದ ಮೊತ್ತದಿಂದ ಗುಣಿಸಿದರೆ ಆಸ್ಪತ್ರೆಗೆ ಸಿಗುವ ಹಣ. ಮುಖ್ಯವಾಗಿ ವಯಸ್ಸಾದವರಿಗಿರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದನ್ನು 1983ರಲ್ಲಿ ಶುರು ಮಾಡಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1993ರಲ್ಲಿ ಇದೇ ದಾರಿ ಹಿಡಿಯಿತು.

ನನಗೆ ಈ ಲೆಕ್ಕ ನ್ಯಾಯವಾಗಿಯೇ ಕಾಣುತ್ತದೆ. ಕೆಲಸ ಮಾಡಿದವರಿಗೆ ದುಡ್ಡು. ಆದರೆ ರೋಗಿ ಎಷ್ಟು ದಿನ ಇದ್ದರೂ ಸಿಗುವುದು ಅಷ್ಟೇ ಅಂದಮೇಲೆ ಬೇಗ ಮನೆಗೆ ಕಳಿಸುವ ಆಸೆ ಹುಟ್ಟುತ್ತದೆ. ಅಮೆರಿಕದಲ್ಲಿ ಆಸ್ಪತ್ರೆವಾಸ ನಿಜಕ್ಕೂ ಕಡಿಮೆಯಾಯಿತು. ಗುಣವಾಗಿ ಹೋದರೆ ಸಂತೋಷ. ಅರೆಬರೆ ವಾಸಿಯಾಗಿ ಹೋದವರು ತಿರುಗಿ ಬರುತ್ತಾರೆ. ಹಾಗೆ ಮತ್ತೆ ದಾಖಲಾಗುವವರು ಮಿತಿಮೀರಿದರೆ 2012ರಿಂದ ಮೆಡಿಕೇರ್ ಆಸ್ಪತ್ರೆಯ ಹಣಕ್ಕೆ ಕತ್ತರಿ ಹಾಕುತ್ತಿದೆ.

ದೂರದ ಸಣ್ಣ ಆಸ್ಪತ್ರೆಗಳ ಕಥೆ ಬೇರೆ. ರೋಗಿ ಬರಲಿ ಬಿಡಲಿ, ರಾತ್ರಿ ಪಾಳಿಗೆ ಸಿಬ್ಬಂದಿ ಇರಲೇಬೇಕು. ಅದಕ್ಕೇ ಆಸ್ಟ್ರೇಲಿಯಾ ಇಂಥ ಆಸ್ಪತ್ರೆಗಳಿಗೆ ತಲೆ ಎಣಿಸದೆ ಇಡುಗಂಟಾಗಿ ಹಣ ಕೊಡುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಜರ್ಮನಿಯ ಅನುಭವ. ಅಲ್ಲಿ ಬಹುತೇಕ ಎಲ್ಲ ಚಿಕಿತ್ಸೆಗೂ ಗುಂಪಿನ ದರ ಬಂತು. ಆಪರೇಷನ್ ಹೆಚ್ಚಿದರೆ ವರಮಾನ. ನರ್ಸ್ ಹೆಚ್ಚಿದರೆ ಬರೀ ಖರ್ಚು. ಹೀಗಾಗಿ ಉಳಿತಾಯದ ಕಣ್ಣು ನರ್ಸ್‌ಗಳ ಮೇಲೆ ಬಿತ್ತು. ಮಗ್ಗುಲು ಬದಲಿಸುವುದು, ತುತ್ತು ತಿನ್ನಿಸುವುದು, ಹೆದರಿದವರ ಕೈಹಿಡಿದು ಕೂರುವುದು, ಇವಕ್ಕೆಲ್ಲ ಸಮಯ ಬೇಕಲ್ಲ? ಕೊನೆಗೆ 2020ರಿಂದ ವಾರ್ಡಿನ ನರ್ಸ್‌ಗಳ ಸಂಬಳವನ್ನು ಈ ದರದಿಂದ ಹೊರತೆಗೆದು ಬೇರೆಯಾಗಿ ಕೊಡುತ್ತಿದ್ದಾರೆ.

ಅಂದಹಾಗೆ, ಆ ಗುಂಪುಗಳನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಥಾಂಪ್ಸನ್ ಓದಿದ್ದು ನರ್ಸಿಂಗ್.