ಗೋಣಿಚೀಲ ಮೂಸಿ ನೋಡುವ ಪಾಠ

ಕೇಳುಗರಿಗೆಲ್ಲ ನಮಸ್ಕಾರ.

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, 22 ವರ್ಷದಿಂದ ಪರ್ಚೇಸ್ ನೋಡಿಕೊಳ್ಳುತ್ತಿದ್ದೇನೆ. ಪರ್ಚೇಸ್ ಅಂದ ತಕ್ಷಣ ಜನರಿಗೆ ಎರಡೇ ನೆನಪಾಗೋದು. ಒಂದು ಚೌಕಾಸಿ, ಇನ್ನೊಂದು ಕಮಿಷನ್. ಕಮಿಷನ್ ವಿಷಯಕ್ಕೆ ಇವತ್ತು ಕೈ ಹಾಕೋದಿಲ್ಲ, ಆಕಾಶವಾಣಿಯವರು ಕೊಟ್ಟಿರುವ ಸಮಯ ಸಾಲದು. ಚೌಕಾಸಿ ಬಗ್ಗೆ ಹೇಳುತ್ತೇನೆ. ಅದರಲ್ಲಿ ನಾನು ಪಂಟರ್ ಅಂತ ಬಹಳ ವರ್ಷ ಮೆರೆದವನು.

ಸುಮಾರು 15 ವರ್ಷದ ಹಿಂದಿನ ಮಾತು. ರಫ್ತಿಗೆ ಗೋಣಿಚೀಲ ಬೇಕಿತ್ತು. ಒಂದು ಚೀಲಕ್ಕೆ 60 ಕಿಲೋ ಕಾಫಿಬೀಜ ತುಂಬುತ್ತೇವೆ. ಮೂರು ಕೊಟೇಷನ್ ಬಂದವು. ಅದರಲ್ಲಿ ಒಬ್ಬರದ್ದು ಚೀಲಕ್ಕೆ 4 ರೂಪಾಯಿ ಕಮ್ಮಿ. 3,000 ಚೀಲಕ್ಕೆ 12,000 ರೂಪಾಯಿ ಉಳಿಯಿತು ಅಂತ ಸಾಹೇಬರಿಂದ ಶಭಾಷ್ ಅನ್ನಿಸಿಕೊಂಡೆ. ಚೀಲದ ಕಟ್ಟು ಬಿಚ್ಚಿದಾಗ ಸ್ಟೋರ್ಸ್‌ನಲ್ಲಿದ್ದ ಹಳೇ ಹಮಾಲಿ ಒಬ್ಬರು ಮೂಗು ಮುರಿದರು. "ಸೀಮೆಎಣ್ಣೆ ಡಬ್ಬ ಇದ್ದಂಗಿದೆ ಸಾರ್" ಅಂದರು. ಹೊಸ ಚೀಲ, ಹಂಗೇ ಇರುತ್ತೆ ಬಿಡಿ ಅಂದೆ.

ಒಂದೂವರೆ ತಿಂಗಳ ನಂತರ ಖರೀದಿದಾರರಿಂದ ರುಚಿ ಪರೀಕ್ಷೆಯ ವರದಿ ಬಂತು. ಅದರಲ್ಲಿ ಒಂದೇ ಪದ. ಬ್ಯಾಗಿ. ಕಾಫಿ ರುಚಿ ನೋಡುವವರ ಭಾಷೆಯಲ್ಲಿ ಬ್ಯಾಗಿ ಅಂದರೆ ಕಾಫಿಗೆ ಚೀಲದ ವಾಸನೆ ಹಿಡಿದಿದೆ ಅಂತ. ಬೆಳೆಗಾರ ವರ್ಷವಿಡೀ ಕಷ್ಟಪಟ್ಟು ಬೆಳೆದ ಒಳ್ಳೇ ಅರೇಬಿಕಾ ಅದು. ಅದನ್ನು 4 ರೂಪಾಯಿ ಆಸೆಗೆ ನಾನು ಕೆಡಿಸಿದ್ದೆ. ಒಟ್ಟು ಎಷ್ಟು ಕಳೆದುಕೊಂಡೆವು ಅನ್ನೋದನ್ನ ರೇಡಿಯೋದಲ್ಲಿ ಹೇಳೋಕೆ ಈಗಲೂ ನಾಚಿಕೆಯಾಗುತ್ತೆ.

ಆಮೇಲೆ ಹುಡುಕಿಕೊಂಡು ಹೋದಾಗ ಗೊತ್ತಾಯಿತು. ಸೆಣಬಿನ ನಾರು ಒರಟು. ಗಿರಣಿಯಲ್ಲಿ ಅದನ್ನು ಮೆತ್ತಗೆ ಮಾಡೋಕೆ ಎಣ್ಣೆ ಬೆರೆಸಿದ ನೀರು ಹಾಕುತ್ತಾರೆ. ಅಗ್ಗದ ಚೀಲಕ್ಕೆ ಪೆಟ್ರೋಲಿಯಂ ಮೂಲದ ಎಣ್ಣೆ. ಆಹಾರ ತುಂಬುವ ಚೀಲಕ್ಕೆ ಗಿಡಮೂಲದ ಎಣ್ಣೆ ಹಾಕಬೇಕು. ಅಂತರರಾಷ್ಟ್ರೀಯ ಸೆಣಬು ಸಂಸ್ಥೆ ಕಾಫಿ, ಕೋಕೋ ಚೀಲಗಳಿಗೆ ಅಂತಲೇ 1998ರಲ್ಲಿ ಇದರ ಮಾನದಂಡ ಮಾಡಿಟ್ಟಿತ್ತು. ಆರ್ಡರ್‌ನಲ್ಲಿ ಆ ಒಂದು ಸಾಲು ಬರೆಯಬೇಕು ಅಂತ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ರೇಟು.

ಸುಸ್ಥಿರ ಖರೀದಿ ಅನ್ನೋ ತರಬೇತಿಗೆ ಕಂಪನಿಯವರು ನನ್ನನ್ನು ಬೆಂಗಳೂರಿಗೆ ಕಳಿಸಿದ್ದು ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ. ಸುಸ್ಥಿರ ಖರೀದಿ ಕಲಿಯೋಕೆ ಹೋಗ್ತಿದ್ದೀನಿ ಅಂದಾಗ ನಮಗೆ ಹಗ್ಗ ಕೊಡುವ ಅಂಗಡಿಯವರು, "ಅಂದ್ರೆ ಠೇವಣಿ ಇಡೋದಾ ಸಾರ್?" ಅಂತ ಕೇಳಿದ್ದರು. ಅವರದ್ದು ತಪ್ಪಲ್ಲ, ಪದವೇ ಹಂಗಿದೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕೊಳ್ಳುವ ವಸ್ತು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು, ನಮ್ಮ ಹತ್ತಿರ ಎಷ್ಟು ದಿನ ಬಾಳುತ್ತೆ, ಆಮೇಲೆ ಎಲ್ಲಿಗೆ ಹೋಗುತ್ತೆ. ಇಷ್ಟನ್ನೂ ನೋಡಿ ಕೊಳ್ಳೋದು. ರೇಟೂ ನೋಡಬೇಕು, ಆದರೆ ಅದನ್ನೊಂದೇ ಅಲ್ಲ.

ಇದಕ್ಕೆ ಐಎಸ್‌ಒ 20400 ಅಂತ ಒಂದು ಅಂತರರಾಷ್ಟ್ರೀಯ ಕೈಪಿಡಿ ಇದೆ, 2017ರಲ್ಲಿ ಬಂದದ್ದು. ಹೀಗೆ ಮಾಡಿದರೆ ಒಳ್ಳೆಯದು ಅಂತ ದಾರಿ ತೋರಿಸುತ್ತೆ, ಅಷ್ಟೇ. ಅದಕ್ಕೆ ಸರ್ಟಿಫಿಕೇಟ್ ಕೊಡುವ ಪದ್ಧತಿ ಇಲ್ಲ. ಯಾರಾದರೂ ನಿಮ್ಮ ಆಫೀಸಿಗೆ ಬಂದು ನಮಗೆ 20400 ಸರ್ಟಿಫಿಕೇಟ್ ಸಿಕ್ಕಿದೆ ಅಂದರೆ ಕಾಫಿ ಕುಡಿಸಿ ಕಳಿಸಿಬಿಡಿ.

ತರಬೇತಿಯಲ್ಲಿ ನನಗೆ ಹಿಡಿಸಿದ ಒಂದು ಲೆಕ್ಕ ಹೇಳುತ್ತೇನೆ, ಮನೆಗೂ ಉಪಯೋಗಕ್ಕೆ ಬರುತ್ತೆ. ಒಂದು ಹಾಸ್ಟೆಲ್‌ಗೆ ಫ್ಯಾನ್ ಕೊಳ್ಳಬೇಕು ಅಂದುಕೊಳ್ಳಿ. ಮಾಮೂಲಿ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತೆ. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್. ದಿನಕ್ಕೆ 12 ಗಂಟೆ ತಿರುಗಿದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಉಳಿತಾಯ. ವರ್ಷಕ್ಕೆ 300 ದಿನ ಅಂದರೆ 162 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 1,134 ರೂಪಾಯಿ. ಹೊಸ ಫ್ಯಾನ್‌ಗೆ 1,500 ರೂಪಾಯಿ ಜಾಸ್ತಿ ಕೊಟ್ಟಿದ್ದರೂ ಒಂದೂವರೆ ವರ್ಷದೊಳಗೆ ವಾಪಸ್ ಬಂತು. ಆದರೆ ಕೊಟೇಷನ್ ಹಾಳೆಯಲ್ಲಿ ಕಾಣೋದು ಬೆಲೆ ಒಂದೇ, ಅಲ್ಲಿ ಗೆಲ್ಲೋದು ಹಳೇ ಫ್ಯಾನೇ.

ಇದೇ ಲೆಕ್ಕವನ್ನು ನಮ್ಮ ಶನಿವಾರದ ಹುಡುಗರಿಗೆ ಕೊಟ್ಟಾಗ ಕೊಪ್ಪದ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ಮೂರಲ್ಲಿ ಫ್ಯಾನ್ ವರ್ಷಕ್ಕೆ ಎರಡು ತಿಂಗಳು ಹಾಕಿದರೆ ಹೆಚ್ಚು. ಹಳೇದನ್ನೇ ರಿಪೇರಿ ಮಾಡಿಸೋದು ಒಳ್ಳೇದಲ್ವಾ?" ಅಂದ. ಹೌದು, ಒಳ್ಳೆಯದೇ. ಬಡವರ ಊಟಿ ಅನ್ನಿಸಿಕೊಂಡ ನಮ್ಮ ಹಾಸನದಲ್ಲೂ ಎಷ್ಟೋ ಮನೆಗೆ ಆ ಮಾತು ಸರಿ. ಸುಸ್ಥಿರ ಅಂತ ಬೋರ್ಡು ಹಾಕಿದ್ದನ್ನೆಲ್ಲ ಕೊಳ್ಳಬೇಕಾಗಿಲ್ಲ.

ಶನಿವಾರದ ಹುಡುಗರು ಅಂದರೆ ಪರ್ಚೇಸ್, ಸ್ಟೋರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದವರು. ಬಿಕಾಂ ಮಾಡಿದವರಿದ್ದಾರೆ, ಡಿಪ್ಲೊಮಾ ಮಾಡಿದವರಿದ್ದಾರೆ. ನನಗೆ ಬಂದದ್ದನ್ನು ಅವರಿಗೆ ಹೇಳಿಕೊಡುತ್ತೇನೆ. ಮೊದಲ ಪಾಠವೇ ಗೋಣಿಚೀಲ ಮೂಸೋದು. ಅದಾದ ಮೇಲೆ ಒಂದೊಂದು ಸಾಮಾನು ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಬರಬೇಕು. ಫೋನಿನಲ್ಲಿ ಅಲ್ಲ, ಬಸ್ಸು ಹತ್ತಿ.

ಒಂದು ಗುಂಪು ಪಾರ್ಚ್‌ಮೆಂಟ್ ಹಿಂದೆ ಹೋಯಿತು. ಹಣ್ಣಾದ ಕಾಫಿಯ ಸಿಪ್ಪೆ ಸುಲಿದು, ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಒಣಗಿಸಿದರೆ ಚೆರಿ. ಪಾರ್ಚ್‌ಮೆಂಟ್‌ಗೆ ರೇಟು ಜಾಸ್ತಿ, ನೀರಿನ ಖರ್ಚೂ ಜಾಸ್ತಿ. ಸಿಪ್ಪೆ ಸುಲಿಯುವ ಯಂತ್ರ ಪಲ್ಪರ್‌ನಿಂದ ಬರುವ ನೀರಿನಲ್ಲಿ ಹಣ್ಣಿನ ಲೋಳೆ, ಸಕ್ಕರೆ ಎಲ್ಲ ಇರುತ್ತೆ. ಅದು ಹುಳಿ ಬರುತ್ತೆ, ನಾರುತ್ತೆ. ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ತಿಂದುಹಾಕುತ್ತೆ, ಮೀನು ಸಾಯುತ್ತವೆ. ಅದನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಇಳಿಸಬೇಕು. ಮೂಡಿಗೆರೆ, ಸಕಲೇಶಪುರದ ಹಳ್ಳಗಳು ಹೇಮಾವತಿಗೆ ಸೇರುತ್ತವೆ. ಹೇಮಾವತಿ ಗೊರೂರಿಗೆ ಬರುತ್ತಾಳೆ. ಅಲ್ಲಿಂದ ಹಾಸನದ ನಲ್ಲಿಗೆ. ಅಂದರೆ ನಾನು ಕೊಳ್ಳುವ ಪಾರ್ಚ್‌ಮೆಂಟ್ ಲಾರಿಯಲ್ಲಿ ಬಂದರೆ, ಅದನ್ನು ತೊಳೆದ ನೀರು ಹೊಳೆಯಲ್ಲಿ ಇಳಿದು ನಮ್ಮೂರಿಗೇ ಬರುತ್ತೆ.

ಸಣ್ಣ ಬೆಳೆಗಾರರೊಬ್ಬರು ಹುಡುಗರ ಮುಂದೆ ನೇರವಾಗಿ ಕೇಳಿದರಂತೆ. "ಗುಂಡಿ ಮಾಡಿಸಿದೋನ ಮೂಟೆಗೂ ಅದೇ ರೇಟು, ಹಳ್ಳಕ್ಕೆ ಬಿಟ್ಟೋನ ಮೂಟೆಗೂ ಅದೇ ರೇಟು. ನೀವು ನೋಡೋದು ಔಟ್‌ಟರ್ನು, ಮಾಯಿಶ್ಚರು. ಹಂಗಿದ್ಮೇಲೆ ನಾನ್ಯಾಕೆ ಗುಂಡಿ ತೋಡಿಸ್ಲಿ?" ಔಟ್‌ಟರ್ನ್ ಅಂದರೆ ಮೂಟೆಯಿಂದ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ, ಮಾಯಿಶ್ಚರ್ ಅಂದರೆ ತೇವಾಂಶ. ಹುಡುಗರು ಇದನ್ನು ಬಂದು ನನಗೆ ಒಪ್ಪಿಸಿದರು. ನಾನು ಮೇಲಿನವರಿಗೆ ಒಪ್ಪಿಸಿದೆ. ಗುಂಡಿ ಇರುವವರಿಗೆ ಮೂಟೆಗೆ ಒಂದಿಷ್ಟು ಜಾಸ್ತಿ ಕೊಡೋಣ ಅಂದೆ. ಅವರು ಒಪ್ಪೋಕೆ ಎರಡು ಸೀಸನ್ ಹಿಡಿಯಿತು.

ಈಗ ನನ್ನ ಎರಡನೇ ಅವಮಾನದ ಕಥೆ.

ತರಬೇತಿ ಮುಗಿಸಿಕೊಂಡು ಬಂದ ಉತ್ಸಾಹದಲ್ಲಿ ನಮಗೆ ಸಾಮಾನು ಕೊಡುವವರಿಗೆಲ್ಲ ಒಂದು ಫಾರಂ ಮಾಡಿದೆ. 34 ಪ್ರಶ್ನೆ. ಕರೆಂಟ್ ಎಷ್ಟು, ನೀರೆಷ್ಟು, ಕಸ ಎಲ್ಲಿ ಹಾಕುತ್ತೀರಿ, ಕೆಲಸದವರಿಗೆ ಸಂಬಳ ಯಾವಾಗ ಕೊಡುತ್ತೀರಿ, ಹೀಗೆ. ಸ್ಯಾಂಪಲ್ ಕಾಫಿ ಹಾಕೋಕೆ ನಮಗೆ ಸಣ್ಣ ಬಟ್ಟೆ ಚೀಲ ಹೊಲಿದು ಕೊಡುವ ಒಬ್ಬ ಹೆಂಗಸು ಇದ್ದಾರೆ. ಅವರು, ಅವರ ತಂಗಿ, ಇನ್ನಿಬ್ಬರು ಹೆಣ್ಣುಮಕ್ಕಳು. ಅವರಿಗೂ ಫಾರಂ ಹೋಯಿತು.

ಒಂದು ದಿನ ಅವರೇ ಆಫೀಸಿಗೆ ಬಂದರು. ತುಂಬಿದ ಫಾರಂ ಮೇಜಿನ ಮೇಲಿಟ್ಟರು. "ಸಾರ್, ಇದನ್ನ ತುಂಬ್ಸೋಕೆ ಸೈಬರ್‌ನವ್ನಿಗೆ 150 ರೂಪಾಯಿ ಕೊಟ್ಟೆ" ಅಂದರು. ನಾನು ಓದುತ್ತಾ ಹೋದೆ. ಕೆಲಸದವರಿಗೆ ಸಂಬಳ ಯಾವಾಗ ಕೊಡುತ್ತೀರಿ ಅನ್ನೋ ಪ್ರಶ್ನೆಯ ಎದುರಿಗೆ ಮೂರೇ ಪದ ಇತ್ತು. "ನೀವು ಕೊಟ್ಟ ದಿನ."

ಅವರ ಹಿಂದಿನ ಬಿಲ್ ನಮ್ಮ ಆಫೀಸಿನಲ್ಲೇ 80 ದಿನದಿಂದ ಕೂತಿತ್ತು. ಒಂದು ಸಹಿ ಬಾಕಿ ಇತ್ತು. ಆ ಸಹಿ ನನ್ನದೇ.

ಅವತ್ತಿನಿಂದ ನನ್ನ ಪಾಠದ ಕ್ರಮ ತಿರುಗಿತು. ಈಗ ಹುಡುಗರಿಗೆ ಹೊರಗಿನವರನ್ನು ಪ್ರಶ್ನೆ ಕೇಳೋದು ಆಮೇಲೆ ಹೇಳಿಕೊಡುತ್ತೇನೆ. ಮೊದಲು ನಮ್ಮ ಬಿಲ್ ಫೈಲ್ ಕೊಡುತ್ತೇನೆ, ಯಾರ ದುಡ್ಡು ಎಷ್ಟು ದಿನದಿಂದ ನಿಂತಿದೆ ಹುಡುಕಿ ಅಂತ. ಕಾನೂನೂ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ನೋಂದಣಿ ಮಾಡಿಸಿದ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗೆ, ಮಾತಾಡಿಕೊಂಡ ಗಡುವು ಏನೇ ಇರಲಿ, 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಈಚೆಗೆ ಆದಾಯ ತೆರಿಗೆಯಲ್ಲೂ ಗಂಟು ಹಾಕಿದ್ದಾರೆ, ಗಡುವು ಮೀರಿದರೆ ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲೇ ತೋರಿಸಬೇಕು. ಆ ಗಂಟು ಬಿದ್ದ ಮೇಲೆ ನಮ್ಮ ಅಕೌಂಟ್ಸ್‌ನವರು ನನಗಿಂತ ಮುಂಚೆ ಬಿಲ್ ಹುಡುಕುತ್ತಾರೆ.

ಕೇಳುಗರಲ್ಲಿ ಹೊಲಿಗೆ, ಪ್ಯಾಕಿಂಗ್, ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು ಯಾರಾದರೂ ಇದ್ದರೆ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಅದಕ್ಕೆ ಸರ್ಕಾರದ ಶುಲ್ಕ ಇಲ್ಲ. ಆ ನಂಬರನ್ನು ಬಿಲ್ ಮೇಲೆ ಹಾಕಿ. ನನ್ನಂಥವರು ಬೇಗ ಸಹಿ ಮಾಡುತ್ತಾರೆ.

ಮೇಲಿನವರು ಒಂದು ನಿಯಮ ಮಾಡಿದರೆ ಅದರ ಕಾಗದ ಕೆಳಗೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಕಾಗದ ಓದೋಕೇ ಬಾರದವರ ಕೈ ಸೇರುತ್ತೆ. ಖರ್ಚೂ ಅವರದ್ದೇ. ಕಾಫಿಯಲ್ಲಿ ಈಗ ಅದೇ ನಡೀತಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಕಾಫಿ ಅಷ್ಟೇ ಅಲ್ಲ, ಕೋಕೋ, ರಬ್ಬರ್, ಸೋಯಾ, ತಾಳೆಎಣ್ಣೆ, ಮರ, ದನ, ಒಟ್ಟು ಏಳು. 2024ರ ಕೊನೆಗೆ ಜಾರಿ ಅಂದರು, ಮುಂದೂಡಿದರು, ಮತ್ತೊಮ್ಮೆ ಮುಂದೂಡಿದರು. ಆದರೆ ಇಟಲಿ, ಜರ್ಮನಿಯ ಖರೀದಿದಾರರು ಕಾಯುತ್ತಾ ಕೂರಲಿಲ್ಲ. ಯಾವ ತೋಟದ ಬೀಜ, ಭೂಪಟದಲ್ಲಿ ತೋರಿಸಿ ಅಂತ ಕೇಳೋಕೆ ಶುರು ಮಾಡಿದರು. ಕಾಫಿ ಬೋರ್ಡ್‌ನವರೂ ಬೆಳೆಗಾರರ ನೋಂದಣಿಗೆ ಆ್ಯಪ್ ಮಾಡಿದ್ದಾರೆ.

ತೋಟ 4 ಹೆಕ್ಟೇರ್‌ಗಿಂತ ದೊಡ್ಡದಿದ್ದರೆ ಗಡಿಯನ್ನೆಲ್ಲ ಸುತ್ತಿ ಗುರುತಿಸಬೇಕು. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಯವರೆಗೆ ಒಂದೇ ಒಂದು ಚುಕ್ಕಿ ಸಾಕು. ಹೇಳೋಕೆ ಸುಲಭ. ನಮ್ಮ ಕಡೆ ಪಹಣಿ ತಾತನ ಹೆಸರಲ್ಲಿರುತ್ತೆ, ಪೋಡಿ ಆಗಿರೋದಿಲ್ಲ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿರುತ್ತಾರೆ. ಅಂಥವರಿಗೆ ಒಂದು ಲಿಂಕ್ ಕಳಿಸಿ ತುಂಬಿ ಅಂದರೆ ಏನಾಗುತ್ತೆ? ಮತ್ತೆ ಸೈಬರ್, ಮತ್ತೆ 150 ರೂಪಾಯಿ. ಅದಕ್ಕೆ ಈ ಸಲ ಫಾರಂ ಕಳಿಸಲಿಲ್ಲ. ಫೋನ್ ಜೇಬಿಗೆ ಹಾಕಿಕೊಂಡು ಹುಡುಗರ ಜೊತೆ ನಾವೇ ಹೊರಟೆವು.

ಬೇಲೂರಿನ ಆಚೆ ಒಬ್ಬ ಯಜಮಾನರ ಮೂರು ಎಕರೆ. ಅವರ ತಂದೆ ಹಾಕಿದ ತೋಟ. ಸಿಲ್ವರ್ ಓಕ್, ಅತ್ತಿ, ಹಲಸು, ಮರಕ್ಕೆ ಹಬ್ಬಿದ ಮೆಣಸು. ನೆರಳು ಎಷ್ಟು ದಟ್ಟ ಅಂದರೆ ಫೋನ್ ಸರಿಯಾಗಿ ಜಾಗ ಹಿಡಿಯುತ್ತಿರಲಿಲ್ಲ. ಟವರ್ ಇಲ್ಲ ಅಂತ ಹುಡುಗರು ಅಂದುಕೊಂಡರು. ಜಿಪಿಎಸ್‌ಗೆ ಟವರ್ ಬೇಡ, ತೆರೆದ ಆಕಾಶ ಬೇಕು. ಎಲ್ಲರೂ ಕಾಫಿ ಒಣಗಿಸುವ ಕಣಕ್ಕೆ ಬಂದೆವು.

"ಏನಪ್ಪಾ, ನಮ್ ತೋಟ ಎಲ್ಲೈತೆ ಅಂತ ಪರದೇಶದೋರಿಗೆ ಯಾಕೆ?" ಅಂದರು ಯಜಮಾನರು. ವಿವರಿಸಿದೆ. ಜಾಗದ ಅಕ್ಷಾಂಶ, ರೇಖಾಂಶವನ್ನು ಆರು ದಶಾಂಶದವರೆಗೆ ಬರೆಯಬೇಕು ತಾತ, ಅಂದರೆ ಲೆಕ್ಕದಲ್ಲಿ ಅರ್ಧ ಗೇಣಿನಷ್ಟು ನಿಖರವಾಗಿ ಅಂದೆ. ಅವರು ನಕ್ಕುಬಿಟ್ಟರು. "ನಮ್ ತಮ್ಮಂಗೂ ನಂಗೂ ಬೇಲಿ ಜಗಳ ಮೂರು ಗಜದ್ದು. ಇವ್ರು ಅರ್ಧ ಗೇಣು ಕೇಳ್ತಾರಾ?"

ಸ್ವಲ್ಪ ಹೊತ್ತು ಸುಮ್ನಿದ್ದು ಇನ್ನೊಂದು ಪ್ರಶ್ನೆ ಕೇಳಿದರು. "ಆ ಚುಕ್ಕಿ ಅಂದ್ಯಲ್ಲ, ಅದ್ರ ಮೇಲೆ ನಾನು ನಿಂತ್ಕೊಬೇಕಾ?"

ಬೇಕಾಗಿರಲಿಲ್ಲ. ಆದರೂ ನಿಂತುಕೊಳ್ಳಿ ತಾತ ಅಂದೆ. ಅವರು ಕಣದ ನಡುವೆ ಬಂದು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಫೋಟೊಗೆ ನಿಂತಂತೆ ನೆಟ್ಟಗೆ ನಿಂತರು.

ನಮಸ್ಕಾರ.