ಕಾರಿಗೆ ಸಿಗ್ನಲ್ ಟೈಮರ್ ಕಾಣಲ್ಲ

ಸಿಗ್ನಲ್ ಕೆಂಪಾದ ತಕ್ಷಣ ಆಟೋದವರು ಏನ್ ಮಾಡ್ತಾರೆ ನೋಡಿ. ಮೊದಲು ತಲೆ ಎತ್ತಿ ಟೈಮರ್ ನೋಡ್ತಾರೆ. 90 ಇದ್ರೆ ಎಂಜಿನ್ ಆಫ್. 8 ಇದ್ರೆ ಹಾಗೇ ಬಿಡ್ತಾರೆ. ನಮ್ಮ ಕಾರುಗಳಲ್ಲಿ ಬರೋ ಸ್ಟಾರ್ಟ್-ಸ್ಟಾಪ್, ಅಂದ್ರೆ ನಿಂತಾಗ ಎಂಜಿನ್ ತಾನೇ ಆಫ್ ಮಾಡಿ ಹೊರಡುವಾಗ ತಾನೇ ಸ್ಟಾರ್ಟ್ ಮಾಡೋ ಸಿಸ್ಟಮ್, ಮಾಡೋದೂ ಇದೇ ಕೆಲಸ. ಆದ್ರೆ ಪಾಪ, ಅದಕ್ಕೆ ಟೈಮರ್ ಕಾಣಲ್ಲ. ನಿಂತ್ರೆ ಆಫ್, ಅಷ್ಟೇ ಗೊತ್ತು. ಜನ ಇದನ್ನ ಬೈಯೋ ಅರ್ಧ ತಕರಾರು ಇಲ್ಲೇ ಹುಟ್ಟೋದು.

ಅದಕ್ಕೇ ಗಾಡಿ ಹತ್ತಿದ ಕೂಡಲೇ, ಸೀಟ್ ಬೆಲ್ಟಿಗೂ ಮುಂಚೆ, ಎ ಅಕ್ಷರದ ಸುತ್ತ ಬಾಣ ಇರೋ ಆ ಬಟನ್ ಒತ್ತಿ ಸಿಸ್ಟಮ್ ಆಫ್ ಮಾಡಿಬಿಡ್ತಾರೆ. ಮರುದಿನ ಮತ್ತೆ ಒತ್ತಬೇಕು. ಯಾಕೆ ನೆನಪಿಟ್ಕೊಳ್ಳಲ್ಲ ಅದು? ಮೈಲೇಜು, ಹೊಗೆ ಅಳೆಯೋ ನಮ್ಮ ಟೆಸ್ಟ್ ಸೈಕಲ್ 1180 ಸೆಕೆಂಡಿನದು. ಅದರಲ್ಲಿ ಹೆಚ್ಚೂಕಮ್ಮಿ ಕಾಲು ಭಾಗ ಗಾಡಿ ಸುಮ್ನೆ ನಿಂತೇ ಇರುತ್ತೆ. ಆ ಹೊತ್ತಲ್ಲಿ ಎಂಜಿನ್ ಆಫ್ ಇದ್ರೆ ಅಂಕಿ ಚೆನ್ನಾಗಿ ಬರುತ್ತೆ. ಆ ಅಂಕಿ ನಿಲ್ಲಬೇಕಾದ್ರೆ ಕೀ ಹಾಕಿದಾಗಲೆಲ್ಲ ಸಿಸ್ಟಮ್ ಆನ್ ಇರಬೇಕು. ಹೀರೋ ಬೈಕಿನ ಸ್ಟಾರ್ಟ್-ಸ್ಟಾಪ್ ಆದ ಐ3ಎಸ್‌ನ ಸ್ವಿಚ್ ನೀವು ಬಿಟ್ಟ ಕಡೆಯೇ ಇರುತ್ತೆ, ಅದು ನನಗೆ ಹೆಚ್ಚು ಮರ್ಯಾದಸ್ತ ಅನ್ಸುತ್ತೆ.

ಹಾಗಂತ ದಿನಾ ಆಫ್ ಮಾಡೋದು ಜಾಣತನವಾ? ಲೆಕ್ಕ ಹಾಕೋಣ. 1.2 ಲೀಟರಿನ ಪೆಟ್ರೋಲ್ ಎಂಜಿನ್ ಬಿಸಿಯಾದ ಮೇಲೆ, ಏಸಿ ಇಲ್ಲದೆ, ಐಡ್ಲಿಂಗಿನಲ್ಲಿ ಗಂಟೆಗೆ ಸುಮಾರು 0.7 ಲೀಟರ್ ಕುಡಿಯುತ್ತೆ. 90 ಸೆಕೆಂಡಿಗೆ 17 ಎಂಎಲ್ ಚಿಲ್ಲರೆ. ಲೀಟರಿಗೆ 100 ರೂಪಾಯಿ ಅಂತಿಟ್ಕೊಂಡ್ರೆ ಒಂದು ಸಿಗ್ನಲ್‌ಗೆ ಒಂದೂಮುಕ್ಕಾಲು ರೂಪಾಯಿ. ದಿನಕ್ಕೆ ಅಂಥ ಹತ್ತು ಸಿಗ್ನಲ್, ತಿಂಗಳಿಗೆ 25 ದಿನ ಅಂದ್ರೆ 440 ರೂಪಾಯಿ ಹತ್ತಿರ. ಏಸಿ ಹಾಕಿದ್ರೆ ಅರ್ಧ ಸಿಕ್ಕಿದ್ರೂ ಪುಣ್ಯ. ಕಂಪ್ರೆಸರ್ ತಿರುಗೋದು ಎಂಜಿನ್ ಬೆಲ್ಟಿನಿಂದ, ಎಂಜಿನ್ ನಿಂತ್ರೆ ಬ್ಲೋವರ್ ಬರೀ ಗಾಳಿ ಬೀಸುತ್ತೆ. ಒಳಗೆ ಬಿಸಿ ಏರ್ತಿದ್ದ ಹಾಗೆ ಗಾಡಿ ತಾನೇ ಸ್ಟಾರ್ಟ್ ಆಗುತ್ತೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಈ ಸಿಸ್ಟಮ್‌ನಿಂದ ಏನೂ ನಿರೀಕ್ಷೆ ಇಟ್ಕೋಬೇಡಿ.

ಬಟನ್‌ಗಿಂತ ಒಳ್ಳೆ ಸ್ವಿಚ್ ನಿಮ್ಮ ಎಡಗಾಲಲ್ಲೇ ಇದೆ. ಮ್ಯಾನುಯಲ್ ಗಾಡಿ ಆಫ್ ಆಗೋದು ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಪೂರ್ತಿ ಬಿಟ್ಟಾಗ ಮಾತ್ರ. ಟೈಮರ್‌ನಲ್ಲಿ 15 ಸೆಕೆಂಡಿಗಿಂತ ಜಾಸ್ತಿ ಇದ್ಯಾ, ಬಿಡಿ. ಕಮ್ಮಿ ಇದ್ಯಾ, ಒತ್ತಿ ಹಿಡ್ಕೊಳ್ಳಿ. ಟೈಮರ್ 4ಕ್ಕೆ ಬಂದಾಗ ಕ್ಲಚ್ ಒತ್ತಿದ್ರೆ ಹಸಿರಾಗೋ ಹೊತ್ತಿಗೆ ಗಾಡಿ ಗೇರಲ್ಲಿರುತ್ತೆ, ಹಿಂದಿನವರು ಹಾರ್ನ್ ಹೊಡೆಯೋ ಪ್ರಶ್ನೆನೇ ಇಲ್ಲ. ಆಟೋಮ್ಯಾಟಿಕ್‌ನಲ್ಲಿ ಬ್ರೇಕ್ ಪೆಡಲ್ ಈ ಕೆಲಸ ಮಾಡುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಹಗುರವಾಗಿ ಒತ್ತಿ ನಿಂತ್ರೆ ಎಂಜಿನ್ ಓಡ್ತಾನೇ ಇರುತ್ತೆ, ಇನ್ನೊಂಚೂರು ಅದುಮಿದ್ರೆ ಆಫ್. ನಿಮ್ಮ ಗಾಡಿಯ ಹದ ಎರಡು ದಿನದಲ್ಲಿ ಕಾಲಿಗೆ ಗೊತ್ತಾಗುತ್ತೆ.

ಆದ್ರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ಸಂಜೆ ಆರೂವರೆಗೆ, ಐದಡಿ ಮುಂದೆ, ಮತ್ತೆ ನಿಲ್ಲು ಅನ್ನೋ ಥರ ತೆವಳುವಾಗ ಬಟನ್ನೇ ಸರಿ. ಅಲ್ಲಿ ಹತ್ತು ನಿಮಿಷ ಕ್ಲಚ್ ಹಿಡ್ಕೊಂಡು ಕೂತ್ರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ಸವೆಯುತ್ತೆ. ಹೈವೇಲಿ ಜೋರಾಗಿ ಬಂದು ಟೋಲ್ ಕ್ಯೂನಲ್ಲಿ ನಿಂತ ಟರ್ಬೊ ಎಂಜಿನ್‌ಗೂ ಅಷ್ಟೇ, ಆಫ್ ಆಗೋಕೆ ಬಿಡಬೇಡಿ, ಅರ್ಧ ನಿಮಿಷ ಓಡಲಿ, ಕಾದ ಟರ್ಬೊ ಒಳಗೆ ಆಯಿಲ್ ತಿರುಗಿ ತಣ್ಣಗಾಗಲಿ.

ಸ್ಟಾರ್ಟರ್ ಮೋಟರ್ ಬೇಗ ಹೋಗುತ್ತೆ ಅನ್ನೋ ಭಯ ಬಿಡಿ. ಈ ಗಾಡಿಗಳ ಸ್ಟಾರ್ಟರ್, ಕ್ರ್ಯಾಂಕ್ ಬೇರಿಂಗ್ ಇದಕ್ಕೆಂದೇ ಗಟ್ಟಿ ಮಾಡಿದ್ದು. ಮಾರುತಿಯ ಸ್ಮಾರ್ಟ್ ಹೈಬ್ರಿಡ್‌ಗಳಲ್ಲಂತೂ ಮತ್ತೆ ಸ್ಟಾರ್ಟ್ ಮಾಡೋದು ಬೆಲ್ಟಿಗೆ ಸೇರಿದ ಐಎಸ್‌ಜಿ, ಅಂದ್ರೆ ಸ್ಟಾರ್ಟರ್ರೂ ಜನರೇಟರ್ರೂ ಒಂದೇ ಆದ ಮೋಟರ್, ಕರ್‌ಕರ್ ಅನ್ನೋ ಸದ್ದೂ ಇಲ್ಲ.

ನಿಜವಾದ ಖರ್ಚು ಇರೋದು ಬ್ಯಾಟರಿಯಲ್ಲಿ. ಇದಕ್ಕೆ ಇಎಫ್‌ಬಿ ಇಲ್ಲವೇ ಎಜಿಎಂ ಅನ್ನೋ, ಪದೇ ಪದೇ ಸ್ಟಾರ್ಟ್ ಮಾಡೋದನ್ನ ತಡೆಯೋ ಗಟ್ಟಿ ಬ್ಯಾಟರಿ ಬೇಕು, ಹಳೇ ಬ್ಯಾಟರಿ ಮೇಲೆ ಏನು ಬರೆದಿದ್ಯೋ ಅದೇ. "ಸೈಜ್ ಒಂದೇ ಸರ್, ಇದೇ ಹಾಕ್ಸಿ" ಅಂತ ಅಂಗಡಿಯವರು ಮಾಮೂಲಿ ಬ್ಯಾಟರಿ ಕೊಟ್ರೆ ತಗೋಬೇಡಿ. ಕೂರುತ್ತೆ, ಸ್ಟಾರ್ಟೂ ಆಗುತ್ತೆ. ಆದ್ರೆ ಸ್ವಲ್ಪ ಇಳಿದು ಮತ್ತೆ ತುಂಬೋ ಆಟ ದಿನಕ್ಕೆ ಹತ್ತಾರು ಸಲ ಆಡೋಕೆ ಅದರ ಪ್ಲೇಟ್‌ಗಳಿಗೆ ತಾಕತ್ತಿಲ್ಲ. ಬಟನ್ ಒತ್ತಿ ಸಿಸ್ಟಮ್ ಆಫ್ ಮಾಡಿಟ್ರೂ ಇದೇ ಬ್ಯಾಟರಿ ಬೇಕು. ಬ್ರೇಕ್ ಹಾಕುವಾಗ ಪುಕ್ಕಟೆ ಬರೋ ಚಾರ್ಜಿಗೆ ಜಾಗ ಇರಲಿ ಅಂತ ಇಂಥ ಗಾಡಿಗಳಲ್ಲಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಬ್ಯಾಟರಿನ ಪೂರ್ತಿ ತುಂಬಿಸದೇ ಇಡೋದುಂಟು.

ಇನ್ನು ನೆಗೆಟಿವ್ ಟರ್ಮಿನಲ್ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಅಲ್ಲೊಂದು ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ ಕೂತಿರುತ್ತೆ. ಎಷ್ಟು ಕರೆಂಟ್ ಬಂತು, ಎಷ್ಟು ಹೋಯ್ತು ಅಂತ ಲೆಕ್ಕ ಇಡೋ ಗುಮಾಸ್ತ ಅದು. ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್ ಹಾಕೋರು ಅರ್ತಿಂಗ್ ವೈರನ್ನ ನೇರ ಬ್ಯಾಟರಿ ನೆಗೆಟಿವ್‌ಗೇ ಸಿಕ್ಕಿಸಿದ್ರೆ ಆ ಕರೆಂಟ್ ಗುಮಾಸ್ತನ ಖಾತೆಗೇ ಬರಲ್ಲ. ಬ್ಯಾಟರಿ ಖಾಲಿಯಾಗ್ತಿದ್ರೂ ಗಾಡಿ ತುಂಬಿದೆ ಅಂದ್ಕೊಂಡಿರುತ್ತೆ. ಅರ್ತಿಂಗ್ ವೈರನ್ನ ಗಾಡಿ ಬಾಡಿಯ ಲೋಹಕ್ಕೆ ಸಿಕ್ಕಿಸಿ. ಜಂಪ್ ಸ್ಟಾರ್ಟ್ ಮಾಡುವಾಗ ಕಪ್ಪು ಕೇಬಲ್ಲೂ ಆ ಲೋಹಕ್ಕೇ. ಹೊಸ ಬ್ಯಾಟರಿ ಹಾಕಿದಾಗ ಹಲವು ಗಾಡಿಗಳಿಗೆ ಸ್ಕ್ಯಾನರ್ ಹಾಕಿ ಅದನ್ನ ತಿಳಿಸಬೇಕು, ಅಂಗಡಿಯಲ್ಲಿ ಮೊದಲೇ ಕೇಳ್ಕೊಳ್ಳಿ.

"ಸ್ಟಾರ್ಟ್-ಸ್ಟಾಪ್ ಕೆಲಸ ಮಾಡ್ತಿಲ್ಲ" ಅಂತ ಖುಷಿಪಡೋರೂ ಇದಾರೆ. ಬೆಲ್ಟ್ ಹಾಕಿಲ್ಲ, ಎಂಜಿನ್ ಇನ್ನೂ ತಣ್ಣಗಿದೆ, ಸ್ಟಿಯರಿಂಗ್ ತಿರುಗಿಸಿ ನಿಂತಿದೀರಿ, ಇದೆಲ್ಲ ಸಾಮಾನ್ಯ ಕಾರಣ. ಯಾವುದೂ ಇಲ್ಲದೆ ವಾರಗಟ್ಟಲೆ ಆಫ್ ಆಗ್ತಿಲ್ಲ ಅಂದ್ರೆ ಬ್ಯಾಟರಿ ಸುಸ್ತಾಗಿರಬಹುದು. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಮಲ್ಟಿಮೀಟರ್ ಇಡಿ. 12.6 ವೋಲ್ಟ್ ಬಂದ್ರೆ ಚಿಂತೆ ಇಲ್ಲ. 12.4ಕ್ಕಿಂತ ಕೆಳಗಿದ್ರೆ ಚಾರ್ಜರ್ ಹಾಕಿ ನೋಡಿ, ಆಮೇಲೂ ನಿಲ್ಲದಿದ್ರೆ ಹೊಸದಕ್ಕೆ ದುಡ್ಡು ಎತ್ತಿಡಿ.

ಕೊನೆಗೊಂದು. ಕಿರಿಕಿರಿ ತಪ್ಪಲಿ ಅಂತ ಬಾನೆಟ್ ಸ್ವಿಚ್ಚಿನ ವೈರ್ ಜೊತೆ ಆಟ ಆಡೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡಿ. ಆಫ್ ಆಗಿ ನಿಂತಿರೋ ಎಂಜಿನ್, ಬಾನೆಟ್ ತೆಗೆದಾಗ ತಾನಾಗೇ ಸ್ಟಾರ್ಟ್ ಆಗದ ಹಾಗೆ ತಡೆಯೋದು ಆ ಸ್ವಿಚ್ಚು. ಅದನ್ನ ಮೋಸ ಮಾಡಿದ ಗಾಡಿಯಲ್ಲಿ ಮೆಕ್ಯಾನಿಕ್ ಕೈ ಬೆಲ್ಟ್ ಹತ್ತಿರ ಇರುವಾಗಲೇ ಎಂಜಿನ್ ತಿರುಗಬಹುದು. ಕೀ ಆಫ್ ಮಾಡಿ, ಆಮೇಲೆ ಬಾನೆಟ್ ಎತ್ತಿ.