ರೂಟರ್ ಕೈಕೊಟ್ಟರೂ ಕೌಂಟರ್ ನಿಲ್ಲದಿರಲಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲದಲ್ಲಿ ನಮ್ಮ ಶಿರಸಿ, ಕುಮಟಾ ಕಡೆ ಮರ ಬಿದ್ದು ತಂತಿ ಹರಿಯುವುದು ಹೊಸದೇನಲ್ಲ. ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದರೆ ಕೇಬಲ್ಲಿಗೂ ಅಪಾಯವೇ. ಇಂಟರ್ನೆಟ್ ಲೈನ್ ಹೋಯಿತು ಅಂದರೆ, ಅಡಿಕೆ ದುಡ್ಡಿಗೆ ಸೊಸೈಟಿಗೆ ಬಂದವರು ಸುಮ್ನೆ ಕಾಯುತ್ತ ಕೂರಬೇಕು. ಅದಕ್ಕೇ ಎರಡು ಲೈನ್, ಲೈನನ್ನು ಕಂಪ್ಯೂಟರುಗಳಿಗೆ ಹಂಚುವ ಎರಡು ರೂಟರ್ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ಕಂಪ್ಯೂಟರುಗಳಿಗೆ ನಾವು ಕೊಟ್ಟಿರುವುದು ಒಂದೇ ಗೇಟ್‌ವೇ ವಿಳಾಸ, ಅಂದರೆ ಹೊರಗೆ ಹೋಗುವ ಬಾಗಿಲಿನ ವಿಳಾಸ, ಅಲ್ವಾ? ಆ ರೂಟರ್ ನಿಂತರೆ, ಪಕ್ಕದಲ್ಲೇ ಇನ್ನೊಂದು ಇದೆ ಎಂದು ಅವಕ್ಕೆ ಗೊತ್ತಾಗುವುದಿಲ್ಲ.

ಇದಕ್ಕೆ, ಒಂದು ರೂಟರ್ ನಿಂತರೆ ಇನ್ನೊಂದು ಅದರ ಜಾಗಕ್ಕೆ ಬರುವಂತೆ ಮಾಡುವ ವಿಆರ್‌ಆರ್‌ಪಿ (ವರ್ಚುವಲ್ ರೂಟರ್ ರಿಡಂಡೆನ್ಸಿ ಪ್ರೊಟೊಕಾಲ್) ಎಂಬ ವ್ಯವಸ್ಥೆ 1998ರಿಂದಲೂ ಇದೆ. ರೂಟರುಗಳ ವಿಳಾಸ 192.168.10.2 ಮತ್ತು 192.168.10.3 ಎಂದುಕೊಳ್ಳಿ. ಎರಡೂ ಸೇರಿ 192.168.10.1 ಎಂಬ ಮೂರನೆಯ ವಿಳಾಸವನ್ನು ನೋಡಿಕೊಳ್ಳುತ್ತವೆ. ಕಂಪ್ಯೂಟರಿಗೆ ಕೊಡಬೇಕಾದ ಗೇಟ್‌ವೇ ಇದೇ. ಪ್ರತಿ ರೂಟರಿಗೂ ಆದ್ಯತೆಯ ಒಂದು ಅಂಕಿ ಕೊಡುತ್ತೇವೆ. ಆದ್ಯತೆ 110 ಇರುವ ರೂಟರ್ ಕೆಲಸ ಮಾಡುತ್ತದೆ, 100 ಇರುವುದು ಕಾಯುತ್ತದೆ. ಮೊದಲನೆಯದು ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತಿರುತ್ತದೆ. ಸುಮಾರು ಮೂರೂವರೆ ಸೆಕೆಂಡು ಆ ಸದ್ದಿಲ್ಲದಿದ್ದರೆ ಎರಡನೆಯದು ಜಾಗ ಹಿಡಿಯುತ್ತದೆ. ಆ ಮೂರನೆಯ ವಿಳಾಸದ ಜೊತೆಗಿರುವ ಮ್ಯಾಕ್ ವಿಳಾಸವೂ (ಒಳಗಿನ ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಅದೇ ಇರುವುದರಿಂದ ಕಂಪ್ಯೂಟರಿನಲ್ಲಿ ಏನೂ ಬದಲಿಸಬೇಕಿಲ್ಲ.

2010ರ ಮೂರನೇ ಆವೃತ್ತಿಯಲ್ಲಿ ಈ ಸಮಯವನ್ನು ಸೆಕೆಂಡಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ ಇಳಿಸಬಹುದು. ಜಾಸ್ತಿ ಇಳಿಸಬೇಡಿ ಎನ್ನುತ್ತೇನೆ. ಚಿಕ್ಕ ರೂಟರಿಗೆ ಒಮ್ಮೆಲೇ ಕೆಲಸ ಹೆಚ್ಚಾಗಿ ಸಾರುವುದು ತಡವಾದರೂ ಸಾಕು, ಎರಡನೆಯದು ಮುಂದೆ ಬಂದುಬಿಡುತ್ತದೆ.

ಇನ್ನು ಮುಖ್ಯ ಮಾತು. ಘಟ್ಟದಲ್ಲಿ ಫೈಬರ್ ಹರಿದಾಗ ರೂಟರಿಗೆ ಏನೂ ಆಗಿರುವುದಿಲ್ಲ. ಒಳಗೆ ‘ನಾನಿದ್ದೇನೆ’ ಎನ್ನುತ್ತಲೇ ಇರುತ್ತದೆ. ಎರಡನೆಯದು ಕದಲುವುದಿಲ್ಲ, ಕೌಂಟರ್ ಮಾತ್ರ ನಿಂತಿರುತ್ತದೆ! ಅದಕ್ಕೆ ರೂಟರಿಗೆ ಟ್ರ್ಯಾಕಿಂಗ್, ಅಂದರೆ ಹೊರಗಿನ ಲೈನ್ ಮೇಲೆ ಕಣ್ಣಿಡುವ ಕೆಲಸ, ಹಾಕಬೇಕು. ಹೊರಗಿನ, ದೂರದ ಒಂದು ವಿಳಾಸವನ್ನು ಅದು ಆಗಾಗ ಪಿಂಗ್ ಮಾಡಲಿ, ಅಂದರೆ ಕೂಗಿ ಉತ್ತರ ಬರುತ್ತದೆಯೇ ನೋಡಲಿ. ಸತತ ಕೆಲವು ಸಲ ಉತ್ತರ ಬಾರದಿದ್ದರೆ ಆದ್ಯತೆ 20 ಇಳಿಯಲಿ. 110 ಹೋಗಿ 90 ಆಯಿತು. 100 ಇರುವುದು ಕೆಲಸ ವಹಿಸಿಕೊಳ್ಳುತ್ತದೆ. 5 ಮಾತ್ರ ಇಳಿಸಿದರೆ 105, ಏನೂ ಬದಲಾಗದು. ಮುರಿದ ಲೈನ್ ಬಂದು ಹೋಗಿ ಮಾಡುವುದುಂಟು. ಹಾಗಾಗಿ ಮೊದಲಿನ ರೂಟರ್ ವಾಪಸ್ ಬರುವ ಮುಂಚೆ ಒಂದೆರಡು ನಿಮಿಷ ತಡೆಯುವಂತೆ ಮಾಡಿ.

ಎರಡು ಲೈನೂ ಒಂದೇ ಕಂಬದ ಮೇಲೆ ಬಂದರೆ ಪ್ರಯೋಜನ ಕಡಿಮೆ. ಒಂದು ಫೈಬರ್, ಇನ್ನೊಂದು 4ಜಿ ಇರಲಿ. ಲೈನ್ ಬದಲಾದಾಗ ಹೊರಗಿನವರಿಗೆ ಕಾಣುವ ನಮ್ಮ ವಿಳಾಸವೂ ಬದಲಾಗುತ್ತದೆ. ತೆರೆದಿದ್ದ ಕೆಲಸ ಕಡಿದುಹೋಗಬಹುದು, ಮತ್ತೆ ಲಾಗಿನ್ ಆಗಬೇಕಾಗಬಹುದು. ಸಿಬ್ಬಂದಿಗೆ ಇದನ್ನು ಮೊದಲೇ ಹೇಳಿಡಿ.

ಜೂನ್ ಬರುವ ಮುಂಚೆ ಒಂದು ಸಂಜೆ, ಕೌಂಟರ್ ಮುಚ್ಚಿದ ಮೇಲೆ, ಪರೀಕ್ಷೆ ಮಾಡಿ. ಮೊದಲು, 110 ಇರುವ ರೂಟರಿನ ಕರೆಂಟ್ ತೆಗೆಯಿರಿ. ಮತ್ತೆ ಕೊಟ್ಟು, ಅದು ಕೆಲಸಕ್ಕೆ ವಾಪಸ್ ಬಂದ ಮೇಲೆ, ಈ ಸಲ ಹೊರಗಿನ ಫೈಬರ್ ಮಾತ್ರ ಬಿಚ್ಚಿ. ಎರಡನೇ ಪರೀಕ್ಷೆಯಲ್ಲಿ ಕೌಂಟರಿನ ಕಂಪ್ಯೂಟರ್ ಹೊರಗೆ ಹೋಗದಿದ್ದರೆ, ಟ್ರ್ಯಾಕಿಂಗ್ ಎಲ್ಲಿ ತಪ್ಪಿದೆ ಎಂದು ಅಂದೇ ನೋಡಿ ಸರಿಪಡಿಸಿ.

ನಮಸ್ಕಾರ.